ಮೊಣಕಾಲಿನ ಮೆತ್ತೆ

ನಮ್ಮ ಭಾಷೆಯಲ್ಲಿ ಕಾಲನ್ನು ಕುರಿತ ನುಡಿಗಟ್ಟುಗಳಿಗೆ ಲೆಕ್ಕವಿಲ್ಲ. ಅಪಾಯ ಕಂಡು ಓಡಿಹೋಗುವವನು ಕಾಲಿಗೆ ಬುದ್ಧಿ ಹೇಳುತ್ತಾನೆ, ಜಗಳವಾಡಲೆಂದೇ ಬಂದವನು ಕಾಲು ಕೆರೆಯುತ್ತಾನೆ, ಸೋತವನು ಮಂಡಿಯೂರುತ್ತಾನೆ. ಮಾತಿಗೆ ಕಾಲನ್ನು ಇಷ್ಟೆಲ್ಲ ಬಳಸಿಕೊಂಡ ನಾವು, ಮೊಣಕಾಲಿನ ಒಳಗೆ ಏನಿದೆಯೆಂದು ವಿಚಾರಿಸುವುದು ಮಾತ್ರ ತೀರ ಕಡಮೆ. ಕಣ್ಣಿಗೆ ಕವಿಗಳಿದ್ದಾರೆ, ಕೈಗೆ ಕವಿಗಳಿದ್ದಾರೆ, ಪಾದಕ್ಕಂತೂ ಭಕ್ತರೇ ಇದ್ದಾರೆ. ರನ್ನನ ‘ಗದಾಯುದ್ಧ’ದಲ್ಲಿ ಭೀಮನ ಗದೆ ದುರ್ಯೋಧನನ ತೊಡೆಯನ್ನು ಹುಡುಕಿಕೊಂಡು ಹೋಯಿತು, ಅದಕ್ಕೆ ಒಂದು ಗೇಣು ಕೆಳಗಿದ್ದ ಮಂಡಿಯನ್ನು ಕೇಳಿದವರಿಲ್ಲ. ಹೀಗೆ ಯಾರ ಕಣ್ಣಿಗೂ ಬೀಳದೆ, ಯಾರ ಹೊಗಳಿಕೆಯನ್ನೂ ಬಯಸದೆ ದುಡಿಯುವ ಅಂಗವೊಂದು ಒಂದು ದಿನ ಮುಷ್ಕರ ಹೂಡಿದರೆ ಏನಾಗುತ್ತದೆ ಎಂಬುದನ್ನು ನನ್ನ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಅರಿತೆ.

ಮೊದಲು ಮಂಡಿಯ ರಚನೆಯನ್ನು ಸ್ವಲ್ಪ ನೋಡೋಣ. ನಮ್ಮ ದೇಹದ ಕೀಲುಗಳಲ್ಲೆಲ್ಲ ಇದೇ ದೊಡ್ಡದು. ಮೇಲಿನಿಂದ ತೊಡೆಯ ಮೂಳೆ, ಕೆಳಗಿನಿಂದ ಮುಂಗಾಲಿನ ಮೂಳೆ, ಮುಂದುಗಡೆ ಗುರಾಣಿಯಂತೆ ಮಂಡಿಚಿಪ್ಪು, ಈ ಮೂರೂ ಅಲ್ಲಿ ಸೇರುತ್ತವೆ. ಮೂಳೆಗಳು ಒಂದನ್ನೊಂದು ಮುಟ್ಟುವ ಕಡೆಗಳಲ್ಲಿ ಮೃದ್ವಸ್ಥಿಯ ನುಣುಪಾದ ಹೊದಿಕೆಯಿದೆ. ತೊಡೆಯ ಮೂಳೆಯ ತುದಿ ದುಂಡಗೆ, ಮುಂಗಾಲಿನ ಮೂಳೆಯ ತಲೆ ಹೆಚ್ಚುಕಡಮೆ ಚಪ್ಪಟೆ. ಚಪ್ಪಟೆಯ ಮೇಲೆ ದುಂಡಗಿನದು ಅಲುಗದೆ ನಿಲ್ಲಬೇಕಾದರೆ ನಡುವೆ ಏನಾದರೂ ಇರಬೇಕಲ್ಲವೆ? ನೀರಿನ ಕೊಡ ಹೊರುವವರು ತಲೆಯ ಮೇಲೆ ಸಿಂಬೆಯಿಟ್ಟುಕೊಳ್ಳುವುದಿಲ್ಲವೆ, ಹಾಗೆಯೇ ಪ್ರಕೃತಿ ಪ್ರತಿಯೊಂದು ಮಂಡಿಯಲ್ಲಿಯೂ ಎರಡು ಮೆತ್ತೆಗಳನ್ನಿಟ್ಟಿದೆ; ಒಳಬದಿಗೆ ಒಂದು, ಹೊರಬದಿಗೆ ಒಂದು. ಇವೂ ಒಂದು ಬಗೆಯ ಮೃದ್ವಸ್ಥಿಯೇ. ಬಾಲಚಂದ್ರನ ಆಕಾರದಲ್ಲಿರುವುದರಿಂದ ಇವುಗಳಿಗೆ ‘ಮೆನಿಸ್ಕಸ್’ ಎಂಬ ಹೆಸರು ಬಂದಿದೆ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಪುಟ್ಟ ಚಂದ್ರ ಎಂದೇ ಅರ್ಥ. ನಾವು ನಿಂತಾಗ, ನಡೆದಾಗ, ಮೆಟ್ಟಿಲಿಳಿದಾಗ ಬೀಳುವ ಭಾರವನ್ನು ಈ ಪುಟ್ಟ ಚಂದ್ರಗಳು ಹಂಚಿ ಹರಡುತ್ತವೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕರಿಹಲಗೆಯ ಮುಂದೆ ನಿಂತು ಪಾಠ ಹೇಳಿದ ನನ್ನನ್ನು ಹೊತ್ತವು ಇವೇ. ಅವುಗಳ ಹೆಸರು ಮಾತ್ರ ನನಗೆ ನಿವೃತ್ತನಾದ ಮೇಲೆ ತಿಳಿಯಿತು.

ತಿಳಿದ ಸಂದರ್ಭ ಹೀಗಿದೆ. ಬಂಧುಗಳ ಹಳ್ಳಿಯಲ್ಲಿ ಊರಹಬ್ಬ. ನೆಲದ ಮೇಲೆ ಪಂಕ್ತಿ, ಬಾಳೆಯೆಲೆ, ಚಕ್ಕಳಮಕ್ಕಳ ಹಾಕಿಕೊಂಡು ಕುಳಿತ ಊಟ. ಜೀವಮಾನವೆಲ್ಲ ಉಂಡಂತೆ ಅಂದೂ ಉಂಡು, ಜೀವಮಾನವೆಲ್ಲ ಎದ್ದಂತೆ ಅಂದೂ ಎದ್ದೆ. ಏಳುವಾಗ ಬಲಮಂಡಿ ಒಂದಿಷ್ಟು ತಿರುಚಿತು. ಒಳಗೆಲ್ಲೋ ‘ಚಟ್’ ಎಂದಂತಾಯಿತು. ಬಿದ್ದದ್ದಿಲ್ಲ, ಪೆಟ್ಟು ತಗುಲಿದ್ದಿಲ್ಲ. ವಯಸ್ಸಾದಂತೆ ಆ ಮೆತ್ತೆ ಹಳೆಯ ಬಟ್ಟೆಯಂತೆ ಜೂಲಾಗುತ್ತದೆ, ಹರಿಯಲು ಅದಕ್ಕೆ ದೊಡ್ಡ ನೆಪವೇನೂ ಬೇಕಾಗಿಲ್ಲ ಎಂದು ಮುಂದೆ ವೈದ್ಯರು ಹೇಳಿದರು. ಮರುದಿನ ಬೆಳಗಿನ ಹೊತ್ತಿಗೆ ಮಂಡಿ ಊದಿಕೊಂಡಿತ್ತು. ವಾರದೊಳಗೆ ಊತ ಇಳಿದರೂ ನೋವು ಮಾತ್ರ ಹೋಗಲಿಲ್ಲ. ಮೆಟ್ಟಿಲಿಳಿಯುವಾಗ ಒಂದು ಚಳಕು, ಮಲಗಿ ಮಗ್ಗುಲು ಬದಲಿಸುವಾಗ ಇನ್ನೊಂದು.

ಕಾಲು ನೋಯುತ್ತದೆಂದು ಬಾಯಿಬಿಟ್ಟವನಿಗೆ ಈ ನಾಡಿನಲ್ಲಿ ಸಲಹೆಯ ಕೊರತೆಯಿಲ್ಲ. ಎಳ್ಳೆಣ್ಣೆ ಕಾಯಿಸಿ ನೀವಬೇಕೆಂದರು ಒಬ್ಬರು, ನೀವಲೇಬಾರದೆಂದರು ಇನ್ನೊಬ್ಬರು. ಪಟ್ಟು ಹಾಕುವವರಲ್ಲಿಗೆ ಕರೆದೊಯ್ಯುತ್ತೇನೆಂದು ಮೂರನೆಯವರು ವಾಹನವನ್ನೇ ತಂದು ನಿಲ್ಲಿಸಿದರು. ಮುರಿದದ್ದು ಮೂಳೆಯಲ್ಲವೆಂದು ಅವರಿಗೆ ತಿಳಿಯಹೇಳುವುದರಲ್ಲಿ ಒಂದು ಸಂಜೆ ಕಳೆಯಿತು. ಮಂಡಿಗೆ ಕತ್ತರಿ ಹಾಕಿಸಿಕೊಂಡ ಮೇಲೆ ನಡೆಯಲಾಗದವರ ಕಥೆಗಳನ್ನು ನಾಲ್ಕನೆಯವರು ಹೇಳಿದರು. ಓಡಾಡುವವರ ಕಥೆಗಳನ್ನು ಐದನೆಯವರು ಹೇಳಿದರು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಅವರೆಲ್ಲರ ಮಾತು ಮತ್ತಾರದೋ ಮಂಡಿಯನ್ನು ಕುರಿತದ್ದು.

ಎಕ್ಸ್‌ರೇಯಲ್ಲಿ ಮೂಳೆಗಳು ಕಾಣುತ್ತವೆ, ಮೆತ್ತೆ ಕಾಣುವುದಿಲ್ಲ. ಆದುದರಿಂದ ಎಂ.ಆರ್.ಐ. ಚಿತ್ರ ತೆಗೆಸಬೇಕಾಯಿತು. ಒಳಬದಿಯ ಮೆತ್ತೆ ಹರಿದಿದೆಯೆಂದು ಅದು ತೋರಿಸಿತು. ಮೊದಲು ನೋಡಿದ ವೈದ್ಯರು, “ಸಣ್ಣ ಶಸ್ತ್ರಚಿಕಿತ್ಸೆ, ಬೇಕಾದರೆ ಮುಂದಿನ ವಾರವೇ ಮಾಡೋಣ” ಎಂದರು. ಮೈಸೂರಿನಲ್ಲಿಯೇ ಇನ್ನೊಬ್ಬ ವೈದ್ಯರನ್ನು ಕಂಡೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಾಲನ್ನು ಮಡಿಸಿ ಬಿಡಿಸಿ ನೋಡಿ, “ಮೂರು ತಿಂಗಳು ಕಾಯೋಣ, ಮೇಷ್ಟ್ರೇ” ಎಂದರು. ಇಬ್ಬರೂ ಬಲ್ಲವರೇ, ಇಬ್ಬರ ಮಾತಿನಲ್ಲಿಯೂ ಪ್ರಾಮಾಣಿಕತೆಯಿತ್ತು. ಪರೀಕ್ಷೆಯ ಹಾಳೆಯಲ್ಲಿ ಒಂದು ಪ್ರಶ್ನೆಗೆ ಎರಡು ಉತ್ತರ ಕಂಡರೆ ಮೇಷ್ಟರಾದವನು ಒಂದನ್ನು ಹೊಡೆದುಹಾಕುತ್ತಾನೆ. ಇಲ್ಲಿ ಹಾಗೆ ಮಾಡುವಂತಿರಲಿಲ್ಲ. “ಏಕೆ ಕಾಯಬೇಕು?” ಎಂದು ಕೇಳಿದೆ.

ಆ ವೈದ್ಯರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ವಿವರಿಸಿದರು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 50ರಿಂದ 90 ವರ್ಷ ವಯಸ್ಸಿನ 991 ಜನರ ಮಂಡಿಗಳ ಚಿತ್ರ ತೆಗೆದು ನೋಡಿದರಂತೆ. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮೆತ್ತೆ ಹರಿದಿದ್ದವರ ಪೈಕಿ ನೂರಕ್ಕೆ 61 ಜನರಿಗೆ ಹಿಂದಿನ ತಿಂಗಳಲ್ಲಿ ಮಂಡಿನೋವೇ ಇರಲಿಲ್ಲ. ಎಂದರೆ, ಚಿತ್ರದಲ್ಲಿ ಹರಿದಿರುವುದು ಕಂಡಮಾತ್ರಕ್ಕೆ ನೋವಿನ ಮೂಲ ಅದೇ ಎಂದು ಹೇಳುವಂತಿಲ್ಲ. 2013ರಲ್ಲಿ ಇನ್ನೊಂದು ಅಧ್ಯಯನ ಹೊರಬಂದಿತು. ಮೆತ್ತೆ ಹರಿದು, ಜೊತೆಗೆ ಕೀಲು ಸವೆತವೂ ಇದ್ದ 351 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಚಿಕಿತ್ಸೆಯನ್ನೂ ವ್ಯಾಯಾಮವನ್ನೂ, ಇನ್ನೊಂದಕ್ಕೆ ಬರಿಯ ವ್ಯಾಯಾಮವನ್ನೂ ಕೊಟ್ಟರು. ಆರು ತಿಂಗಳ ಕೊನೆಗೆ ಎರಡು ಗುಂಪುಗಳೂ ಹೆಚ್ಚುಕಡಮೆ ಸಮನಾಗಿ ಚೇತರಿಸಿಕೊಂಡಿದ್ದವು. “ಆದರೆ ಇದನ್ನೂ ಕೇಳಿ, ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ ಮೂವತ್ತು ಜನ ಅಷ್ಟರೊಳಗಾಗಿ ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿಕೊಂಡರು. ನೀವು ಆ ಎಪ್ಪತ್ತರಲ್ಲಿ ಒಬ್ಬರೋ ಮೂವತ್ತರಲ್ಲಿ ಒಬ್ಬರೋ ನನಗೆ ತಿಳಿಯದು. ತಿಳಿಯಬೇಕಾದರೆ ಕಾಯಬೇಕು” ಎಂದರು ವೈದ್ಯರು.

ತಮಗೆ ತಿಳಿಯದೆಂದು ಹೇಳಬಲ್ಲ ವೈದ್ಯರಲ್ಲಿ ನನಗೆ ನಂಬಿಕೆ ಹುಟ್ಟಿತು. ಇನ್ನೂ ಒಂದು ಪ್ರಶ್ನೆ ಕೇಳಿದೆ: “ಹರಿದದ್ದನ್ನು ಕತ್ತರಿಸಿ ತೆಗೆದುಬಿಟ್ಟರೆ ನಷ್ಟವೇನು?”

ಅದಕ್ಕೆ ಉತ್ತರವಾಗಿ ಅವರು ಒಂದು ಇತಿಹಾಸವನ್ನೇ ಹೇಳಿದರು. 1897ರಲ್ಲಿ ಬ್ಲ್ಯಾಂಡ್ ಸಟನ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ಈ ಮೆತ್ತೆಗಳನ್ನು ಕಾಲಿನ ಸ್ನಾಯುವಿನ ಅಳಿದುಳಿದ, ಉಪಯೋಗವಿಲ್ಲದ ಚೂರುಗಳೆಂದು ಬರೆದರು. ಉಪಯೋಗವಿಲ್ಲವೆಂದ ಮೇಲೆ ಇಟ್ಟುಕೊಂಡು ಮಾಡುವುದೇನು? ದಶಕಗಳ ಕಾಲ ವೈದ್ಯರು ಹರಿದ ಮೆತ್ತೆಯನ್ನು ಇಡಿಯಾಗಿ ಕಿತ್ತು ತೆಗೆಯುತ್ತಿದ್ದರು. ರೋಗಿಗಳೂ ಸಂತೋಷದಿಂದ ನಡೆದುಕೊಂಡು ಮನೆಗೆ ಹೋಗುತ್ತಿದ್ದರು. 1948ರಲ್ಲಿ ಬ್ರಿಟನ್ನಿನ ಫೇರ್‌ಬ್ಯಾಂಕ್ ಎಂಬ ವೈದ್ಯರು, ಹಾಗೆ ಮೆತ್ತೆ ಕಳೆದುಕೊಂಡವರ ಮಂಡಿಗಳ ಎಕ್ಸ್‌ರೇಗಳನ್ನು ಪರಿಶೀಲಿಸಿದರು. ಮೂಳೆಗಳ ನಡುವಿನ ತೆರವು ಕಿರಿದಾಗಿತ್ತು. ಮೂಳೆಯ ಅಂಚು ಬೆಳೆದು ದುಂಡು ಚಪ್ಪಟೆಯಾಗತೊಡಗಿತ್ತು. ಸಿಂಬೆಯಿಲ್ಲದೆ ಹೊತ್ತ ಕೊಡ ತಲೆಯನ್ನು ಒತ್ತುತ್ತಿತ್ತು! ಆ ಚೂರು ನಿರುಪಯೋಗಿಯಲ್ಲವೆಂದು ವೈದ್ಯಲೋಕಕ್ಕೆ ಮೆಲ್ಲಮೆಲ್ಲನೆ ಮನವರಿಕೆಯಾಯಿತು. ಇಂದಿನ ವೈದ್ಯರು ತೆಗೆಯಲೇಬೇಕಾದಾಗಲೂ ಹರಿದ ತುಣುಕನ್ನಷ್ಟೇ ತೆಗೆದು, ಉಳಿದುದನ್ನು ಜೋಪಾನವಾಗಿ ಉಳಿಸುತ್ತಾರೆ. ‘ಇದರಿಂದ ಏನು ಪ್ರಯೋಜನ?’ ಎಂದು ನಮಗೆ ತಿಳಿಯದಿರುವುದಕ್ಕೂ, ಪ್ರಯೋಜನವೇ ಇಲ್ಲದಿರುವುದಕ್ಕೂ ಎಷ್ಟು ಅಂತರ!

ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಆಕೆ ಕೇಳಿ, “ಕಾಲು ನಿಮ್ಮದು, ನಿರ್ಧಾರವೂ ನಿಮ್ಮದೇ. ಕಾಯುವುದಾದರೆ ಕಾಯುತ್ತೇನೆಂದು ನಿರ್ಧಾರ ಮಾಡಿ ಕಾಯಿರಿ, ಹೆದರಿಕೆಯಿಂದ ದಿನ ದೂಡಬೇಡಿ” ಎಂದಳು. ಈ ಎರಡರ ವ್ಯತ್ಯಾಸ ಹೊರಗಿನವರಿಗೆ ಕಾಣುವುದಿಲ್ಲ. ಎರಡರಲ್ಲಿಯೂ ಮನುಷ್ಯ ಮನೆಯಲ್ಲೇ ಕುಳಿತಿರುತ್ತಾನೆ. ಆದರೆ ನಿರ್ಧರಿಸಿ ಕಾಯುವವನಿಗೆ ಮಾಡಲು ಕೆಲಸವಿರುತ್ತದೆ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ದಿನಕ್ಕೆ ಎರಡು ಹೊತ್ತು ಮಾಡಿದೆ. ತೂಕವನ್ನೂ ನಾಲ್ಕು ಕಿಲೋ ಇಳಿಸಿದೆ. ಮೈತೂಕ ಹೆಚ್ಚಿ ಮಂಡಿ ಸವೆದವರಲ್ಲಿ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರ ಅಧ್ಯಯನವೊಂದು ಕಂಡುಕೊಂಡಿದೆ. ಹಾಗೆ ನೋಡಿದರೆ ಊಟದಲ್ಲಿ ಬಿಟ್ಟ ಒಂದೊಂದು ತುತ್ತೂ ಕಾಲಿಗೆ ಕೊಟ್ಟ ರಜೆಯೇ ಸರಿ. ಎರಡು ತಿಂಗಳಲ್ಲಿ ನೋವು ಅರ್ಧಕ್ಕಿಳಿಯಿತು. ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಮತ್ತೆ ನಡೆದಾಡತೊಡಗಿದೆ.

ಮೂರನೆಯ ತಿಂಗಳಿನಲ್ಲಿ ಒಂದು ಬೆಳಗ್ಗೆ ಹಾಸಿಗೆಯಿಂದೇಳಲು ಕಾಲು ಚಾಚಿದೆ. ಕಾಲು ಚಾಚಿಕೊಳ್ಳಲಿಲ್ಲ. ಅರೆಮಡಿಚಿದ ಮಂಡಿ ಅಲ್ಲಿಗೇ ನಿಂತುಬಿಟ್ಟಿತ್ತು. ಬಾಗಿಲ ಸಂದಿಗೆ ಬಟ್ಟೆ ಸಿಕ್ಕಿಕೊಂಡರೆ ಬಾಗಿಲು ಹೇಗೆ ನಿಲ್ಲುತ್ತದೆಯೋ ಹಾಗೆ. ಹರಿದ ತುಣುಕು ಮಡಿಚಿಕೊಂಡು ಮೂಳೆಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ಎರಡು ದಿನ ಕಳೆದರೂ ಅದು ಬಿಡಿಸಿಕೊಳ್ಳಲಿಲ್ಲ. “ಈಗ ವ್ಯಾಯಾಮದ ಕಾಲ ಮುಗಿಯಿತು. ಹೀಗೆ ಸಿಕ್ಕಿಕೊಂಡದ್ದನ್ನು ಬಿಟ್ಟರೆ ಮೂಳೆಯ ಹೊದಿಕೆಯೇ ಉಜ್ಜಿಹೋಗುತ್ತದೆ” ಎಂದರು, ಕಾಯೋಣವೆಂದಿದ್ದ ಅದೇ ವೈದ್ಯರು. ನಾನು ಒಪ್ಪಿದೆ. ಕೆಲವರು, “ಮೊದಲೇ ಮಾಡಿಸಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು” ಎಂದರು. ಆದರೆ ಕಾಯ್ದುದು ಅಂದಿನ ಸಂಗತಿಗಳಿಗೆ ತಕ್ಕ ನಿರ್ಧಾರ. ಒಪ್ಪಿದುದು ಇಂದಿನ ಸಂಗತಿಗಳಿಗೆ ತಕ್ಕ ನಿರ್ಧಾರ. ಸಂಗತಿ ಬದಲಾದಾಗ ನಿರ್ಧಾರ ಬದಲಾಗುವುದು ಚಂಚಲತೆಯಲ್ಲ. ಅಲ್ಲದೆ, ಆ ಮೂರು ತಿಂಗಳಲ್ಲಿ ಗಟ್ಟಿಯಾದ ತೊಡೆ ಮುಂದೆ ನನ್ನ ಸಹಾಯಕ್ಕೇ ಬಂದಿತು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಒಬ್ಬಳು ಹುಡುಗಿಯ ಪರಿಚಯವಾಯಿತು. ಟಿ. ನರಸೀಪುರದ ಕಡೆಯವಳು, ನಿಮ್ಮಂತೆಯೇ ಒಂಬತ್ತನೆಯ ತರಗತಿ. ಖೋ ಖೋ ಆಡುವಾಗ ಕಂಬವನ್ನು ಸುತ್ತುವ ಭರದಲ್ಲಿ ಮಂಡಿ ತಿರುಚಿ ಅವಳ ಮೆತ್ತೆಯೂ ಹರಿದಿತ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಮ್ಮ ತಾಲ್ಲೂಕಿನ ಆಟಗಾರ್ತಿಯೂ ಇದ್ದಳೆಂದು ಹೇಳುವಾಗ ಅವಳ ಕಣ್ಣು ಮಿನುಗುತ್ತಿತ್ತು. ವೈದ್ಯರು ಅವಳ ಮುಂದೆ ಎರಡು ದಾರಿಗಳನ್ನಿಟ್ಟಿದ್ದರು. ಹರಿದ ತುಣುಕನ್ನು ಕತ್ತರಿಸಿ ತೆಗೆದರೆ ಒಂದೂವರೆ ಎರಡು ತಿಂಗಳಲ್ಲಿ ಆಟಕ್ಕೆ ಇಳಿಯಬಹುದು. ಹೊಲಿದು ಕೂಡಿಸಿದರೆ ಆರು ತಿಂಗಳಾದರೂ ಆಟವಿಲ್ಲ. ಕೆಲವೊಮ್ಮೆ ಹೊಲಿಗೆ ಹಿಡಿಯದೆ ಹೋಗುವುದೂ ಉಂಟು. ಜಿಲ್ಲಾ ಮಟ್ಟದ ಪಂದ್ಯಕ್ಕೆ ಉಳಿದಿದ್ದುದು ಹತ್ತು ವಾರ. “ಕತ್ತರಿಸಿಬಿಡಲಿ ತಾತ, ನಾನು ಆಡಬೇಕು” ಎಂದಳು ಹುಡುಗಿ. ಅವಳ ತಂದೆ ನನ್ನ ಮುಖ ನೋಡಿದರು. “ಮೇಷ್ಟ್ರೇ, ನೀವಾದರೂ ಹೇಳಿ” ಎಂದರು.

ಏನೆಂದು ಹೇಳಲಿ? ವೈದ್ಯ ನಾನಲ್ಲ, ಮಂಡಿಯೂ ನನ್ನದಲ್ಲ. ಬಂಧುಗಳು ನನಗೆ ಹೇಳಿದ ಕಥೆಗಳಿಗೆ ಇನ್ನೊಂದು ಕಥೆ ಸೇರಿಸಲು ನನಗೆ ಮನಸ್ಸಾಗಲಿಲ್ಲ. “ನನಗೆ ಉತ್ತರ ಗೊತ್ತಿಲ್ಲಮ್ಮ. ಒಂದು ಪ್ರಶ್ನೆ ಮಾತ್ರ ಗೊತ್ತು. ಹತ್ತು ವಾರದ ಮಾತನ್ನು ಕೇಳಿದ್ದೀಯೆ. ಮೂವತ್ತು ವರ್ಷದ ಮಾತನ್ನೂ ಕೇಳು” ಎಂದೆ. ಸಂಜೆ ವೈದ್ಯರು ಬಂದಾಗ ಅವಳು ಧೈರ್ಯವಾಗಿಯೇ ಕೇಳಿದಳು: “ನಾನು ಅಮ್ಮನಷ್ಟು ದೊಡ್ಡವಳಾದಾಗ ಈ ಕಾಲು ಹೇಗಿರುತ್ತದೆ?”

ವೈದ್ಯರು ಕಾಗದದ ಮೇಲೆ ಬಾಲಚಂದ್ರನನ್ನು ಬರೆದು ತೋರಿಸಿದರು. ಮೆತ್ತೆಯ ಹೊರ ಅಂಚಿಗೆ ಮಾತ್ರ ರಕ್ತನಾಳಗಳಿವೆ, ಒಳ ಅಂಚಿಗಿಲ್ಲ. ರಕ್ತ ಹರಿಯುವ ಕಡೆ ಹೊಲಿದರೆ ಕೂಡಿಕೊಳ್ಳುವ ಭರವಸೆಯುಂಟು. ಹರಿಯದ ಕಡೆ ಬಲು ಕಷ್ಟ. ಅವಳದು ಹರಿದದ್ದು ಹೊರ ಅಂಚಿನಲ್ಲಿ. ನನ್ನದು ಒಳ ಅಂಚಿನಲ್ಲಿ, ಅದೂ ಸವೆದು ಹಳತಾದ ಭಾಗದಲ್ಲಿ. ಆದುದರಿಂದ ನನಗೆ ಕತ್ತರಿ, ಅವಳಿಗೆ ಸೂಜಿ. ಉಳಿಸಬಹುದಾದ ಮೆತ್ತೆಯನ್ನು ಈ ವಯಸ್ಸಿನಲ್ಲಿ ತೆಗೆದರೆ ಮುಂದೆ ಮಂಡಿ ಬೇಗ ಸವೆಯುವ ಸಂಭವ ಹೆಚ್ಚು. ಇಷ್ಟನ್ನು ಕೇಳಿದ ಅವಳ ತಂದೆ, “ನಾಲೆಯ ಪಕ್ಕದ ಗದ್ದೆ ಅನ್ನಿ. ನೀರು ಹರಿಯುವ ಗದ್ದೆಯನ್ನು ಯಾರಾದರೂ ಬೀಳು ಬಿಡುತ್ತಾರೆಯೆ?” ಎಂದರು. ನಾನು ಎಷ್ಟೋ ವರ್ಷ ಉಪಮಾಲಂಕಾರವನ್ನು ಪಾಠ ಹೇಳಿದ್ದೇನೆ. ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಕೊಟ್ಟ ನೆನಪಿಲ್ಲ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅನಂತರ, “ಹೊಲಿಯಿರಿ” ಎಂದಳು. ಆ ಒಂದು ಮಾತನ್ನಾಡಲು ಅವಳು ಆ ವರ್ಷದ ಪಂದ್ಯವನ್ನೇ ಬಿಟ್ಟುಕೊಟ್ಟಿದ್ದಳು.

ಮರುದಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಸೋಂಕು ತಗುಲಬಹುದು, ರಕ್ತ ಹೆಪ್ಪುಗಟ್ಟಬಹುದು ಎಂದು ಅದರಲ್ಲಿ ಸಾಲಾಗಿ ಬರೆದಿತ್ತು. ಓದದೆ ಸಹಿ ಹಾಕುವುದು ಸುಲಭ. ಓದಿ ಹೆದರುವುದೂ ಸುಲಭ. ಒಂದೊಂದು ಸಾಲಿಗೂ ‘ಇದು ಎಷ್ಟು ಅಪರೂಪ? ಹಾಗಾಗದಂತೆ ಏನು ಮಾಡುವಿರಿ?’ ಎಂದು ಕೇಳಿದೆ. ದಾದಿಯರು ಬೇಸರಿಸದೆ ಹೇಳಿದರು. ಸಹಿ ಹಾಕುವಾಗ ಕೈ ನಡುಗಲಿಲ್ಲವೆಂದು ಹೇಳಲಾರೆ. ಅಕ್ಷರ ಮಾತ್ರ ಓದುವಂತೆ ಬಂದಿತು.

ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಎಚ್ಚರವಾಗಿಯೇ ಇದ್ದೆ. ಮಂಡಿಯಲ್ಲಿ ಎರಡು ಸಣ್ಣ ರಂಧ್ರಗಳು. ಒಂದರಲ್ಲಿ ಪೆನ್ಸಿಲಿಗಿಂತ ತೆಳ್ಳಗಿನ ಆರ್ಥ್ರೊಸ್ಕೋಪ್ ಎಂಬ ದರ್ಶಕ, ಇನ್ನೊಂದರಲ್ಲಿ ಪುಟ್ಟ ಕತ್ತರಿ. ಈ ದರ್ಶಕದ ಹಿಂದೆ ಒಂದು ಸ್ವಾರಸ್ಯವಿದೆ. ಕ್ಷಯರೋಗ ತಗುಲಿ ಮಂಡಿ ಮರದಂತೆ ಬಿಗಿದುಹೋದವರು ಆ ಕಾಲದ ಜಪಾನಿನಲ್ಲಿ ಅನೇಕರಿದ್ದರು. ನೆಲದ ಮೇಲೆ ಮಂಡಿ ಮಡಿಸಿ ಕುಳಿತುಕೊಳ್ಳುವುದೇ ಮರ್ಯಾದೆಯಾದ ನಾಡಿನಲ್ಲಿ ಅದೆಂಥ ಸಂಕಟವೆಂಬುದನ್ನು ನಾವು ಬಲ್ಲೆವು. ಅಲ್ಲಿನ ತಕಾಗಿ ಎಂಬ ವೈದ್ಯರು 1918ರಲ್ಲಿ, ಮೂತ್ರಕೋಶವನ್ನು ನೋಡಲು ಬಳಸುತ್ತಿದ್ದ ನಳಿಗೆಯನ್ನು ಶವವೊಂದರ ಮಂಡಿಯೊಳಗೆ ತೂರಿಸಿ ನೋಡಿದರು. ಅವರ ಶಿಷ್ಯ ವತಾನಬೆ ಆ ಉಪಕರಣವನ್ನು ತಿದ್ದಿ ತೀಡಿ, 1962ರಲ್ಲಿ ಅದರ ನೆರವಿನಿಂದ ಹರಿದ ಮೆತ್ತೆಯ ತುಣುಕನ್ನು ಕತ್ತರಿಸಿ ತೆಗೆದರು. ನೆಲದ ಮೇಲೆ ಕುಳಿತು ಉಣ್ಣುವ ಒಂದು ಜನಾಂಗದ ಚಿಂತೆ, ನೆಲದ ಮೇಲೆ ಕುಳಿತು ಉಂಡೆದ್ದ ನನ್ನ ಕಾಲಿಗೆ ಬಂದು ಮುಟ್ಟಿತ್ತು.

ಪಕ್ಕದ ಪರದೆಯ ಮೇಲೆ ನನ್ನ ಮಂಡಿಯ ಒಳಭಾಗ ಕಾಣಿಸಿತು. ಎಳನೀರಿನ ಗಂಜಿಯಂತೆ ಬೆಳ್ಳಗೆ, ನುಣ್ಣಗೆ ಹೊಳೆಯುವ ಮೂಳೆಯ ಹೊದಿಕೆ. ಅದರ ಪಕ್ಕದಲ್ಲಿ ಹಳೆಯ ಪಂಚೆಯ ಅಂಚಿನಂತೆ ಎಳೆಯೆದ್ದ ಮೆತ್ತೆ. ಅದರಿಂದ ಜೋತುಬಿದ್ದ ಒಂದು ತುಣುಕು. ಅರವತ್ತನಾಲ್ಕು ವರ್ಷ ಜೊತೆಗಿದ್ದವನನ್ನು ಮೊದಲ ಸಲ ಮುಖಾಮುಖಿ ನೋಡಿದಂತಾಯಿತು. ಸುಮಾರು ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿಯಿತು. “ನಮ್ಮ ಕೆಲಸ ಆಯಿತು, ಇನ್ನು ನಿಮ್ಮದು” ಎಂದರು ವೈದ್ಯರು.

ಆ ಮಾತಿನ ಅರ್ಥ ಮರುದಿನದಿಂದ ತಿಳಿಯತೊಡಗಿತು. ನಡೆಯಲು ಕಷ್ಟವಾಗಲಿಲ್ಲ, ವಾಕರ್ ಹಿಡಿದು ಹತ್ತು ಹೆಜ್ಜೆ ಹಾಕಿದೆ. ಆದರೆ ತೊಡೆಯ ಮುಂಭಾಗದ ಸ್ನಾಯು ನನ್ನ ಆಜ್ಞೆಯನ್ನು ಕೇಳುತ್ತಿರಲಿಲ್ಲ. ಮಂಡಿಗೆ ನೋವೂ ಊತವೂ ಬಂದರೆ ಆ ಸ್ನಾಯು ಬೇಗನೆ ಸೊರಗುತ್ತದೆ. ಅದು ಸೊರಗಿದರೆ ಭಾರವೆಲ್ಲ ಮತ್ತೆ ಮಂಡಿಯ ಮೇಲೆಯೇ ಬೀಳುತ್ತದೆ. ಆದುದರಿಂದ ಮೊದಲ ಪಾಠ ಹೀಗಿತ್ತು: ಮಂಡಿಯ ಕೆಳಗೆ ಸುತ್ತಿದ ಟವಲನ್ನಿಟ್ಟು, ಅದನ್ನು ಒತ್ತಿ ಹಿಡಿದು ಐದು ಎಣಿಸಬೇಕು, ಬಿಡಬೇಕು. ಮತ್ತೆ ಒತ್ತಬೇಕು. ನೋಡುವವರಿಗೆ ಅದು ವ್ಯಾಯಾಮವೆಂದು ತೋರುವುದೇ ಇಲ್ಲ. ಅಭ್ಯಾಸ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ನನ್ನ ಮೊಮ್ಮಗಳ ವಯಸ್ಸಿನ ತರುಣಿ. “ಇನ್ನೂ ಹತ್ತು ಹೆಚ್ಚಿಗೆ ಮಾಡಲೇ?” ಎಂದು ಒಮ್ಮೆ ಕೇಳಿದೆ. “ಬೇಡಿ ಸರ್. ಇವತ್ತು ನೂರು ಮಾಡಿ ನಾಳೆ ಮಲಗುವುದಕ್ಕಿಂತ ದಿನವೂ ಮೂವತ್ತು ಮಾಡಿ” ಎಂದಳು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚುವ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದ ಮಾತೇ ಅದು.

ಅದೇ ಕೋಣೆಗೆ ಆ ಹುಡುಗಿಯೂ ಬರುತ್ತಿದ್ದಳು. ಎರಡನೆಯ ವಾರಕ್ಕೆ ನಾನು ಕೋಲಿಲ್ಲದೆ ನಡೆಯುತ್ತಿದ್ದೆ. ಅವಳ ಕಾಲಿಗೆ ಪಟ್ಟಿಯ ಕವಚ, ಎರಡು ಕಂಕುಳಲ್ಲಿಯೂ ಊರುಗೋಲು. ಹೊಲಿಗೆ ಬಿಚ್ಚದಂತೆ ಆರು ವಾರ ಹಾಗೆಯೇ ಇರಬೇಕೆಂದು ಕಟ್ಟಪ್ಪಣೆಯಾಗಿತ್ತು. ಒಂದು ದಿನ ನಾನು ಮೆಟ್ಟಿಲು ಹತ್ತಿಳಿದು ಬಂದುದನ್ನು ನೋಡಿ ಅವಳಿಗೆ ಅಳು ಬಂದುಬಿಟ್ಟಿತು. “ತಾತ, ನೀವು ಮುದುಕರು, ಓಡಾಡುತ್ತಿದ್ದೀರಿ. ನಾನು ಓಟಗಾರ್ತಿ, ಕುಂಟುತ್ತಿದ್ದೇನೆ” ಎಂದಳು. ನಾನು ಅವಳ ಪಕ್ಕದಲ್ಲಿ ಕುಳಿತೆ. “ನನ್ನದನ್ನು ತೆಗೆದುಹಾಕಿದ್ದಾರೆ, ಮಗು. ತೆಗೆದುಹಾಕಿದ್ದಕ್ಕೆ ಕಾಯುವ ಕೆಲಸವಿಲ್ಲ. ನಿನ್ನದನ್ನು ಉಳಿಸಿದ್ದಾರೆ. ಉಳಿದದ್ದು ಬೇರು ಬಿಡಲು ಹೊತ್ತು ಬೇಕು” ಎಂದೆ. ಅವಳು ಕಣ್ಣೊರಸಿಕೊಂಡು ಟವಲಿನ ಮೇಲೆ ಕಾಲಿಟ್ಟಳು. ಇಬ್ಬರೂ ಕೂಡಿ ಎಣಿಸಿದೆವು.

ಜಿಲ್ಲಾ ಪಂದ್ಯದ ದಿನ ಅವಳು ಅಂಕಣದ ಹೊರಗೆ ಕುಳಿತು ಅಂಕ ಬರೆದುಕೊಂಡಳಂತೆ. ಅವಳ ತಂಡ ಸೋತಿತು. ‘ನಾನಿದ್ದಿದ್ದರೆ’ ಎಂಬ ಮಾತು ಅವಳ ಬಾಯಿಗೆ ಬಂದಿರಲೇಬೇಕು. ಆದರೆ ದೂರವಾಣಿಯಲ್ಲಿ ಅದನ್ನು ಅವಳು ಆಡಲಿಲ್ಲ. ಆರು ತಿಂಗಳ ಮೇಲೆ ನೇರವಾಗಿ ಓಡಲು ಅಪ್ಪಣೆ ಸಿಕ್ಕಿತು. ಆಮೇಲೆ ತಿರುಗಿ ಓಡಲು. ನಿಮಗೆ ಗೊತ್ತಿರುವಂತೆ ಖೋ ಖೋದಲ್ಲಿ ಬೆನ್ನಟ್ಟುವ ತಂಡದ ಎಂಟು ಜನ ಚೌಕಗಳಲ್ಲಿ ಮಂಡಿ ಪೂರ್ತಿ ಮಡಿಸಿ ಕುಳಿತಿರಬೇಕು. ಹೊಲಿದ ಮೆತ್ತೆಯನ್ನು ಹೆಚ್ಚು ಹಿಂಡುವುದು ಆ ಭಂಗಿಯೇ. “ಓಡಲು ಬಿಟ್ಟಿದ್ದಾರೆ ತಾತ, ಕುಳಿತುಕೊಳ್ಳಲು ಬಿಟ್ಟಿಲ್ಲ!” ಎಂದು ಅವಳು ನಕ್ಕಳು. ಕೊನೆಗೆ ಆ ಅಪ್ಪಣೆಯೂ ದೊರೆಯಿತು. ಮುಂದೆ ಅವಳು ಯಾವ ತಂಡಕ್ಕೆ ಆಡುವಳೋ ನಾನರಿಯೆ. ಆದರೆ ತನ್ನದೇ ಮೆತ್ತೆಯ ಮೇಲೆ ನಿಂತು ಆಡುತ್ತಾಳೆ.

ನನ್ನ ವಿಷಯಕ್ಕೆ ಬಂದರೆ, ಮಂಡಿ ಹದಿನಾರರ ಮಂಡಿಯಾಗಿಲ್ಲ. ಹಾಗಾಗುತ್ತದೆಂದು ಯಾರೂ ಮಾತು ಕೊಟ್ಟಿರಲೂ ಇಲ್ಲ. ಪಂಕ್ತಿಯಲ್ಲಿ ನೆಲದ ಬದಲು ಮಣೆ, ಮಣೆಯ ಬದಲು ಕುರ್ಚಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ನಿಧಾನವಾಗಿ, ನಿಂತು ನಿಂತು ಹತ್ತುತ್ತೇನೆ. ಇಳಿಯುವಾಗ ಮಂಡಿಯ ಮೇಲೆ ಭಾರ ಹೆಚ್ಚೆಂದು ವೈದ್ಯರು ಹೇಳಿರುವುದರಿಂದ ಬಸ್ಸಿನಲ್ಲಿ ಇಳಿಯುತ್ತೇನೆ. ಬಸ್ಸಿನಲ್ಲಿ ಹತ್ತಿ ನಡೆದು ಇಳಿಯುವ ಯಾತ್ರಿಕರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಅವರವರ ಮಂಡಿ ಅವರವರಿಗೆ.

ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ನಿಮಗೆ ಮಂಡಿಯೊಂದು ಇದೆಯೆಂಬುದೇ ನೆನಪಿರುವುದಿಲ್ಲ, ಇರಬೇಕಾದುದೂ ಇಲ್ಲ. ಆದರೆ ನಿಮ್ಮದೋ ನಿಮ್ಮವರದೋ ದೇಹದ ಬಗ್ಗೆ ನಿರ್ಧಾರವೊಂದನ್ನು ಕೈಗೊಳ್ಳಬೇಕಾದ ದಿನ ಎಂದಾದರೂ ಬಂದೀತು. ಅಂದು ಹೆದರಿಕೆಗೂ ಅವಸರಕ್ಕೂ ನಡುವೆ ಒಂದಿಷ್ಟು ಸ್ಥಳ ಮಾಡಿಕೊಳ್ಳಿ. ಮಾಡಿಸಿದರೆ ಏನಾಗುತ್ತದೆ, ಮಾಡಿಸದಿದ್ದರೆ ಏನಾಗುತ್ತದೆ, ನಾಳೆ ಏನಾಗುತ್ತದೆ, ಮೂವತ್ತು ವರ್ಷದ ಮೇಲೆ ಏನಾಗುತ್ತದೆ ಎಂದು ಬಲ್ಲವರನ್ನು ಕೇಳಿ. ಎರಡು ಮೂಳೆಗಳು ಒಂದನ್ನೊಂದು ಉಜ್ಜದಂತೆ ಕಾಯುವ ಆ ಮೆತ್ತೆಯ ಹಾಗೆ, ಕೇಳಿ ತಿಳಿಯುವ ಆ ಸ್ವಲ್ಪ ಹೊತ್ತು ನಮ್ಮ ಮನಸ್ಸನ್ನು ಕಾಯುತ್ತದೆ. ಆಮೇಲೆ ಯಾವ ದಾರಿ ಹಿಡಿದರೂ ದಿನಕ್ಕೆ ಮೂವತ್ತು ಸಲ ಒತ್ತಿ, ಐದು ಎಣಿಸಿ, ಬಿಡುವ ಕೆಲಸ ನಮ್ಮದೇ. ಅದನ್ನು ನಮಗಾಗಿ ಬೇರೆ ಯಾರೂ ಮಾಡಲಾರರು.